ಮಹಾಮಾರಿಯ ಕಾಲದ ಕುಟುಂಬ ಸಫಾರಿ: ಮುಂಗಡ ಹಣ ಹಿಡಿದ ದಾರಿ

ಪ್ರತಿ ವರ್ಷ ಜುಲೈ ತಿಂಗಳ ವೇಳೆಗೆ ತಾಂಜಾನಿಯಾದ ಸೆರೆಂಗೆಟಿ ಬಯಲಿನ ಹುಲ್ಲು ಒಣಗತೊಡಗುತ್ತದೆ. ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು, ಅವುಗಳೊಡನೆ ಲಕ್ಷಗಟ್ಟಲೆ ಜೀಬ್ರಾ ಹಾಗೂ ಜಿಂಕೆಗಳು ಹೊಸ ಹುಲ್ಲನ್ನು ಅರಸುತ್ತ ಉತ್ತರಕ್ಕೆ ಸಾಗುತ್ತವೆ. ಮೊಸಳೆಗಳು ಕಾದಿರುವ ಮಾರಾ ನದಿಯನ್ನು ದಾಟಿ ಕೆನ್ಯಾ ದೇಶದ ಮಸಾಯಿ ಮಾರಾ ಪ್ರದೇಶವನ್ನು ಸೇರುತ್ತವೆ. ಅಕ್ಟೋಬರ್‌ವರೆಗೆ ನಡೆಯುವ ಈ ವಲಸೆಯನ್ನು ಕಾಣಲೆಂದೇ ಜಗತ್ತಿನ ನಾನಾ ಭಾಗಗಳಿಂದ ಪ್ರವಾಸಿಗರು ಬರುತ್ತಾರೆ. ನದಿ ದಾಟುವ ಸ್ಥಳಗಳಲ್ಲಿ ಹತ್ತಾರು ವಾಹನಗಳು ಸಾಲುಗಟ್ಟಿ ನಿಲ್ಲುವುದು ಅಲ್ಲಿಯ ವಾಡಿಕೆ. 2020ರಲ್ಲಿಯೂ ಪ್ರಾಣಿಗಳು ಎಂದಿನಂತೆ ಬಂದವು. ನೋಡುವವರು ಬಹುಮಟ್ಟಿಗೆ ಬರಲಿಲ್ಲ.

2019ರಲ್ಲಿ ಕೆನ್ಯಾಕ್ಕೆ ಬಂದ ವಿದೇಶೀಯರ ಸಂಖ್ಯೆ 20 ಲಕ್ಷಕ್ಕೂ ಹೆಚ್ಚು. ಮರುವರ್ಷ ಅದು 6 ಲಕ್ಷಕ್ಕಿಂತ ಕೆಳಗಿಳಿಯಿತು. ನೆರೆಯ ತಾಂಜಾನಿಯಾದಲ್ಲಿ 15 ಲಕ್ಷವಿದ್ದದ್ದು 6.2 ಲಕ್ಷಕ್ಕೆ ಕುಸಿಯಿತು. ಯಾವುದೇ ಸರಕಿನ ಮಾರಾಟ ಒಂದೇ ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಇಳಿದರೆ ಆ ವ್ಯಾಪಾರದ ಸ್ಥಿತಿ ಏನಾಗಬಹುದೆಂಬುದನ್ನು ವರ್ತಕರಿಗೆ ವಿವರಿಸಬೇಕಾಗಿಲ್ಲ. ಆದರೂ ಈ ವ್ಯಾಪಾರ ಸಾಯಲಿಲ್ಲ. ಅದು ಹೇಗೆ ಉಳಿಯಿತು, ಆ ದಿನಗಳಲ್ಲಿಯೂ ಮಕ್ಕಳು, ಮರಿ, ಹಿರಿಯರೊಡನೆ ಸಫಾರಿಗೆ ಹೊರಟ ಕುಟುಂಬಗಳು ಯಾವ ಲೆಕ್ಕ ಹಾಕಿದವು, ಅವರು ಕೊಟ್ಟ ಮುಂಗಡ ಹಣ ಯಾರ ಕೈಗೆ ಸೇರಿತು ಎಂಬುದನ್ನು ಪರಿಶೀಲಿಸಿದರೆ ಪ್ರವಾಸೋದ್ಯಮಕ್ಕೆ ಸಂಬಂಧವಿಲ್ಲದ ವ್ಯಾಪಾರಿಗೂ ಉಪಯುಕ್ತವಾದ ಸಂಗತಿಗಳು ದೊರೆಯುತ್ತವೆ.

ಒಂದು ಮುಂಗಡ, ಹಲವು ಕೈ

ಸಫಾರಿ ಎಂಬುದು ಸ್ವಾಹಿಲಿ ಭಾಷೆಯಲ್ಲಿ ಪ್ರಯಾಣ ಎಂಬರ್ಥದ ಪದ. ಅದರ ಮೂಲ ಅರಬ್ಬೀ ಭಾಷೆಯ ‘ಸಫರ್’. ಬಂಡೀಪುರದಲ್ಲಿಯೋ ಕಬಿನಿಯಲ್ಲಿಯೋ ಬೆಳಿಗ್ಗೆ ಜೀಪು ಹತ್ತಿ ಮಧ್ಯಾಹ್ನದೊಳಗೆ ಹಿಂದಿರುಗುವ ಸಫಾರಿಗೂ ಪೂರ್ವ ಆಫ್ರಿಕಾದ ಸಫಾರಿಗೂ ವ್ಯಾಪಾರದ ದೃಷ್ಟಿಯಿಂದ ದೊಡ್ಡ ಅಂತರವಿದೆ. ಅಲ್ಲಿಯದು ವಾರ ಹತ್ತು ದಿನಗಳ ಯಾತ್ರೆ. ಶಾಲೆಗಳ ರಜೆ ಮತ್ತು ವಲಸೆಯ ಕಾಲ ಎರಡೂ ಕೂಡಿ ಬರಬೇಕಾದುದರಿಂದ ಕುಟುಂಬಗಳು ಆರು ತಿಂಗಳು, ಕೆಲವೊಮ್ಮೆ ಒಂದು ವರ್ಷ ಮೊದಲೇ ಸ್ಥಳ ಕಾಯ್ದಿರಿಸುತ್ತವೆ. ಕಾಯ್ದಿರಿಸುವಾಗ ಒಂದು ಪಾಲು ಮುಂಗಡ. ಹೊರಡುವ ಒಂದೆರಡು ತಿಂಗಳು ಮೊದಲು ಉಳಿದ ಪೂರ್ತಿ ಹಣ. ಸರಕು ಕೈಸೇರುವ ಮೊದಲೇ ಪೂರ್ಣ ಬೆಲೆ ಪಾವತಿಯಾಗುವ ವಿರಳ ವ್ಯಾಪಾರಗಳಲ್ಲಿ ಇದೂ ಒಂದು.

ಹೀಗೆ ಲಂಡನ್, ನ್ಯೂಯಾರ್ಕ್ ಅಥವಾ ಮುಂಬಯಿಯ ಏಜೆಂಟರಿಗೆ ಸಂದಾಯವಾದ ಹಣ ಅಲ್ಲಿಯೇ ನಿಲ್ಲುವುದಿಲ್ಲ. ನೈರೋಬಿಯ ಪ್ರವಾಸ ಸಂಸ್ಥೆಗೆ, ಅಲ್ಲಿಂದ ಡೇರೆ ಶಿಬಿರದ ಮಾಲೀಕರಿಗೆ, ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಮಾರಾಕ್ಕೆ ಸುಮಾರು ಮುಕ್ಕಾಲು ಗಂಟೆಯಲ್ಲಿ ತಲುಪಿಸುವ ಚಿಕ್ಕ ವಿಮಾನದ ಕಂಪನಿಗೆ, ವಾಹನದ ಸಾಲದ ಕಂತು ಕಟ್ಟುವ ಬ್ಯಾಂಕಿಗೆ, ತರಕಾರಿ, ಕೋಳಿ, ಡೀಸೆಲ್ ಸರಬರಾಜು ಮಾಡುವವರಿಗೆ ಹರಿದು ಹೋಗುತ್ತದೆ. ಲ್ಯಾಂಡ್ ಕ್ರೂಸರ್ ವಾಹನದ ಛಾವಣಿಯನ್ನು ಮೇಲಕ್ಕೆತ್ತಿ ಪ್ರವಾಸಿಗರು ನಿಂತು ನೋಡುವಂತೆ ಮಾರ್ಪಡಿಸುವ ಕಾರ್ಯಾಗಾರಗಳು ನೈರೋಬಿಯಲ್ಲಿವೆ. ಡೇರೆಯ ಬಟ್ಟೆ ಹೊಲಿಯುವವರಿದ್ದಾರೆ. ಮಣಿಸರ ಪೋಣಿಸಿ ಶಿಬಿರದ ಬಾಗಿಲಲ್ಲಿ ಮಾರುವ ಮಸಾಯಿ ಮಹಿಳೆಯರಿದ್ದಾರೆ. ಇವರೆಲ್ಲರೂ ಆ ಒಂದು ಮುಂಗಡದ ಪಾಲುದಾರರು. ಕುಟುಂಬಕ್ಕೆ ಇವರಾರ ಪರಿಚಯವೂ ಇರುವುದಿಲ್ಲ.

2020ರ ಮಾರ್ಚ್ 11ರಂದು ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಅನ್ನು ಮಹಾಮಾರಿಯೆಂದು ಸಾರಿತು. ಎರಡು ದಿನಗಳ ತರುವಾಯ ಕೆನ್ಯಾದಲ್ಲಿ ಮೊದಲ ಪ್ರಕರಣ ವರದಿಯಾಯಿತು. ಮಾರ್ಚ್ 25ರಿಂದ ಅಂತರರಾಷ್ಟ್ರೀಯ ಪ್ರಯಾಣಿಕ ವಿಮಾನಗಳು ನಿಂತವು. 27ರಿಂದ ರಾತ್ರಿ ಕರ್ಫ್ಯೂ ಆರಂಭವಾಯಿತು. (ಪ್ರಯಾಣಿಕ ವಿಮಾನಗಳು ನಿಂತಾಗ ಅವುಗಳ ಹೊಟ್ಟೆಯಲ್ಲಿ ಹೋಗುತ್ತಿದ್ದ ಸರಕಿನ ಸ್ಥಳವೂ ಇಲ್ಲವಾಯಿತು, ಯೂರೋಪಿಗೆ ಹೋಗಬೇಕಾಗಿದ್ದ ಕೆನ್ಯಾದ ಗುಲಾಬಿಗಳು ರಾಶಿ ರಾಶಿಯಾಗಿ ತಿಪ್ಪೆ ಸೇರಿದವು. ಅದೇ ವಸಂತದಲ್ಲಿ ಬೆಂಗಳೂರಿನ ಸುತ್ತಮುತ್ತಲ ಹೂ ಬೆಳೆಗಾರರೂ ಇಂಥದೇ ಸಂಕಟವನ್ನು ಕಂಡರು.)

ಆ ವಾರಗಳಲ್ಲಿ ಸಾವಿರಾರು ಕುಟುಂಬಗಳು ಒಟ್ಟಿಗೇ ತಮ್ಮ ಹಣ ಹಿಂದಿರುಗಿಸುವಂತೆ ಕೇಳಿದವು. ಬ್ಯಾಂಕಿನ ಎಲ್ಲ ಠೇವಣಿದಾರರೂ ಒಂದೇ ದಿನ ಬಾಗಿಲಿಗೆ ಬಂದರೆ ಆಗುವ ಪರಿಸ್ಥಿತಿ ಇದು. ಹಣವೇನೋ ಬಂದಿತ್ತು, ಆದರೆ ಅದರ ದೊಡ್ಡ ಪಾಲು ಆಗಲೇ ಮುಂದಿನ ಕೈಗೆ ದಾಟಿತ್ತು. ಬ್ರಿಟನ್ನಿನ 2018ರ ಪ್ಯಾಕೇಜ್ ಪ್ರವಾಸ ನಿಯಮಗಳ ಪ್ರಕಾರ ಪ್ರವಾಸ ರದ್ದಾದರೆ 14 ದಿನಗಳೊಳಗೆ ಪೂರ್ತಿ ಹಣ ಹಿಂದಿರುಗಿಸಬೇಕು. ನೈರೋಬಿಯ ಶಿಬಿರ ಮಾಲೀಕರಿಗೆ ಆ ನಿಯಮ ಅನ್ವಯಿಸದು. ನಡುವೆ ಸಿಕ್ಕಿಬಿದ್ದವರು ಮಧ್ಯವರ್ತಿ ಏಜೆಂಟರು.

ಆಗ ಇಡೀ ಉದ್ಯಮ ಒಂದೇ ಸ್ವರದಲ್ಲಿ ಹೇಳಿದ ಮಾತು, ‘ಮುಂದೂಡಿ, ರದ್ದು ಮಾಡಬೇಡಿ’ ಎಂಬುದು. ಕೊಟ್ಟ ಮುಂಗಡ ಹಾಗೆಯೇ ಇರಲಿ, 2021ರಲ್ಲಿಯೋ 2022ರಲ್ಲಿಯೋ ಬನ್ನಿ, ಹಳೆಯ ದರವನ್ನೇ ಹಿಡಿಯುತ್ತೇವೆ ಎಂಬ ಭರವಸೆ. ಹೊರನೋಟಕ್ಕೆ ಇದು ಗ್ರಾಹಕನಿಗೆ ತೋರಿದ ಉದಾರತೆಯಂತೆ ಕಂಡರೂ, ವಾಸ್ತವದಲ್ಲಿ ಬಡ್ಡಿಯಿಲ್ಲದ, ಭದ್ರತೆಯಿಲ್ಲದ ಸಾಲವನ್ನು ಗ್ರಾಹಕನೇ ವ್ಯಾಪಾರಿಗೆ ಕೊಟ್ಟಂತಾಗಿತ್ತು. ಬಹಳಷ್ಟು ಕುಟುಂಬಗಳು ಇದಕ್ಕೆ ಒಪ್ಪಿದವು ಎಂಬುದನ್ನು ಗಮನಿಸಬೇಕು. ಒಪ್ಪಿಸುವಲ್ಲಿ ಗೆದ್ದವರು ಯಾರೆಂದರೆ, ಹಣ ಎಲ್ಲಿದೆ, ಎಷ್ಟು ಮುಂದೆ ಹೋಗಿದೆ, ಎಷ್ಟು ಕೈಯಲ್ಲಿದೆ ಎಂದು ಮೊದಲ ವಾರದಲ್ಲಿಯೇ ಪತ್ರ ಬರೆದು ತಿಳಿಸಿದವರು. ದೂರವಾಣಿ ಎತ್ತದೆ ಕುಳಿತವರ ಗ್ರಾಹಕರು ಕ್ರೆಡಿಟ್ ಕಾರ್ಡ್ ಕಂಪನಿಗಳ ಮೊರೆಹೊಕ್ಕು ಹಣ ಹಿಂದಕ್ಕೆ ಪಡೆದರು. ಗ್ರಾಹಕರ ಮುಂಗಡವನ್ನು ಪ್ರತ್ಯೇಕ ಖಾತೆಯಲ್ಲಿ ಇಟ್ಟು, ಪ್ರವಾಸ ಮುಗಿಯುವವರೆಗೆ ಮುಟ್ಟದಿರುವ ಪದ್ಧತಿಯನ್ನು ಹಿಂದೆ ಅತಿ ಎಚ್ಚರಿಕೆಯೆಂದು ನಕ್ಕವರಿದ್ದರು. 2020ರ ಏಪ್ರಿಲ್‌ನಲ್ಲಿ ಆ ನಗೆ ನಿಂತಿತು.

ನೆಲದ ಬಾಡಿಗೆ

ಈ ಸರಪಳಿಯ ಕೊನೆಯ ಕೊಂಡಿ ಎಲ್ಲಕ್ಕಿಂತ ಸ್ವಾರಸ್ಯಕರವಾದುದು. ಮಸಾಯಿ ಮಾರಾ ರಾಷ್ಟ್ರೀಯ ಮೀಸಲು ಪ್ರದೇಶದ ವಿಸ್ತೀರ್ಣ ಸುಮಾರು 1,510 ಚದರ ಕಿಲೋಮೀಟರ್. ಅದು ನರೋಕ್ ಕೌಂಟಿ ಆಡಳಿತದ ಅಧೀನದಲ್ಲಿದೆ. ಅದರ ಉತ್ತರಕ್ಕೂ ಪೂರ್ವಕ್ಕೂ ಹಬ್ಬಿರುವ ಹುಲ್ಲುಗಾವಲು ಮಸಾಯಿ ಕುಟುಂಬಗಳ ಸ್ವಂತ ಆಸ್ತಿ. ಹಿಂದೆ ಸಾಮೂಹಿಕ ಒಡೆತನದಲ್ಲಿದ್ದ ಈ ನೆಲ ಹಂಚಿಕೆಯಾದಾಗ ಪ್ರತಿಯೊಬ್ಬರೂ ಬೇಲಿ ಹಾಕುವ, ಉಳುವ ಅಥವಾ ಮಾರುವ ಅಪಾಯವಿತ್ತು. ಬೇಲಿ ಬಂದರೆ ವನ್ಯಮೃಗಗಳ ದಾರಿ ಮುಚ್ಚುತ್ತದೆ. ಅದನ್ನು ತಪ್ಪಿಸಲು 2005ರ ಸುಮಾರಿನಿಂದ ಹೊಸ ಏರ್ಪಾಡೊಂದು ಬೆಳೆಯಿತು. ನೂರಾರು ಭೂಮಾಲೀಕರು ತಮ್ಮ ನೆಲಗಳನ್ನು ಒಟ್ಟುಗೂಡಿಸಿ ಶಿಬಿರ ಮಾಲೀಕರಿಗೆ ಗುತ್ತಿಗೆ ಕೊಡುವುದು. ಶಿಬಿರದವರು ಎಕರೆಗೆ ಇಂತಿಷ್ಟೆಂದು ಪ್ರತಿ ತಿಂಗಳೂ ಬಾಡಿಗೆ ಸಲ್ಲಿಸುವುದು. ಆ ನೆಲದಲ್ಲಿ ಬೇಲಿಯಿಲ್ಲ, ಬೇಸಾಯವಿಲ್ಲ, ಡೇರೆಗಳ ಸಂಖ್ಯೆಗೂ ಮಿತಿ. ಇವುಗಳಿಗೆ ಕನ್ಸರ್ವೆನ್ಸಿ ಎಂದು ಹೆಸರು. ಓಲ್ ಕಿನ್ಯೇ, ಓಲಾರೆ ಮೊತೊರೊಗಿ, ನಬೊಯಿಶೊ, ಮಾರಾ ನಾರ್ತ್ ಇವುಗಳಲ್ಲಿ ಪ್ರಸಿದ್ಧವಾದವು.

ಬಾಡಿಗೆಯು ಪ್ರವಾಸಿಗರ ಸಂಖ್ಯೆಯನ್ನು ಅವಲಂಬಿಸಿಲ್ಲ ಎಂಬುದೇ ಈ ಏರ್ಪಾಡಿನ ಬಲ. ಮಳೆಗಾಲದಲ್ಲಿ ಡೇರೆ ಖಾಲಿಯಿದ್ದರೂ ಮಸಾಯಿ ಕುಟುಂಬಕ್ಕೆ ತಿಂಗಳ ಹಣ ತಪ್ಪದು. ಅದರಿಂದ ಶಾಲೆಯ ಶುಲ್ಕ, ಔಷಧ, ಮೆಕ್ಕೆಜೋಳದ ಹಿಟ್ಟು ನಡೆಯುತ್ತವೆ. ಅದೇ ಕಾರಣದಿಂದ 2020ರಲ್ಲಿ ಇದು ಶಿಬಿರಗಳ ಕೊರಳಿಗೆ ಸುತ್ತಿಕೊಂಡಿತು. ಆದಾಯ ಸೊನ್ನೆ, ನೆಲದ ಬಾಡಿಗೆ ಪೂರ್ತಿ. ಮುಚ್ಚಿದ ಅಂಗಡಿಗೆ ಬಾಡಿಗೆ ಕಟ್ಟಿದ ಚಿಕ್ಕಪೇಟೆಯ ವ್ಯಾಪಾರಿಗೂ, ನಿಂತ ಯಂತ್ರಗಳ ಷೆಡ್ಡಿಗೆ ಬಾಡಿಗೆ ಕಟ್ಟಿದ ಪೀಣ್ಯದ ಉದ್ಯಮಿಗೂ ಆ ವರ್ಷದ ಈ ಲೆಕ್ಕ ಚೆನ್ನಾಗಿ ಗೊತ್ತು. ವ್ಯತ್ಯಾಸವೊಂದಿದೆ: ಇಲ್ಲಿ ಬಾಡಿಗೆ ನಿಂತರೆ ಮಾಲೀಕನು ಬೇರೊಬ್ಬರಿಗೆ ಮಳಿಗೆ ಕೊಡುತ್ತಾನೆ, ಅಲ್ಲಿ ಬಾಡಿಗೆ ನಿಂತರೆ ಬೇಲಿ ಏಳುತ್ತದೆ, ಮತ್ತು ಒಮ್ಮೆ ಎದ್ದ ಬೇಲಿಯ ಹಿಂದೆ ಸಿಂಹವೂ ಇಲ್ಲ, ವ್ಯಾಪಾರವೂ ಇಲ್ಲ.

ಹಲವು ಕನ್ಸರ್ವೆನ್ಸಿಗಳಲ್ಲಿ ಭೂಮಾಲೀಕರು ಮತ್ತು ಶಿಬಿರದವರು ಕುಳಿತು ಮಾತನಾಡಿ ಬಾಡಿಗೆಯನ್ನು ತಾತ್ಕಾಲಿಕವಾಗಿ ಇಳಿಸಿಕೊಂಡರು. ಕೆಲವೆಡೆ ಹಳೆಯ ಪ್ರವಾಸಿಗರಿಂದ ದೇಣಿಗೆ ಬಂದಿತು. ಕೆನ್ಯಾ ಸರ್ಕಾರವು 2020ರ ಮೇ ತಿಂಗಳ ತನ್ನ ಉತ್ತೇಜನ ಯೋಜನೆಯಲ್ಲಿ 160 ಸಮುದಾಯ ಕನ್ಸರ್ವೆನ್ಸಿಗಳಿಗೆ 100 ಕೋಟಿ ಷಿಲ್ಲಿಂಗ್, 5,500 ಸ್ಥಳೀಯ ಕಾವಲುಗಾರರ ನೇಮಕಕ್ಕೆ ಮತ್ತೆ 100 ಕೋಟಿ ಷಿಲ್ಲಿಂಗ್, ಹೋಟೆಲು ಉದ್ಯಮಕ್ಕೆ ಸುಲಭ ಸಾಲವಾಗಿ 200 ಕೋಟಿ ಷಿಲ್ಲಿಂಗ್ ತೆಗೆದಿರಿಸಿತು. ಕಾವಲುಗಾರರಿಗೆ ಹಣ ಕೊಟ್ಟದ್ದು ದೂರದೃಷ್ಟಿಯ ಕ್ರಮವೆಂದೇ ಹೇಳಬೇಕು. ಪ್ರವಾಸಿಗರ ವಾಹನಗಳ ಓಡಾಟವೇ ಬೇಟೆಗಾರರಿಗೆ ಒಂದು ಅಡ್ಡಿ. ಅದು ನಿಂತಾಗ ಅಪಾಯ ಹೆಚ್ಚುತ್ತದೆ. ನೆರೆಯ ಉಗಾಂಡಾದ ಬ್ವಿಂಡಿ ಅರಣ್ಯದಲ್ಲಿ ರಫಿಕಿ ಎಂಬ ಪ್ರಸಿದ್ಧ ಬೆಳ್ಳಿಬೆನ್ನಿನ ಗೊರಿಲ್ಲಾ 2020ರ ಜೂನ್‌ನಲ್ಲಿ ಹತವಾಯಿತು. ಕೊಂದವನಿಗೆ 11 ವರ್ಷಗಳ ಸೆರೆವಾಸವಾಯಿತು.

ನಾಲ್ವರು ಪ್ರಯಾಣಿಕರು, ಹನ್ನೆರಡು ಪರೀಕ್ಷೆಗಳು

2020ರ ಆಗಸ್ಟ್ 1ರಂದು ಕೆನ್ಯಾ ತನ್ನ ಆಕಾಶವನ್ನು ಮತ್ತೆ ತೆರೆಯಿತು. 96 ಗಂಟೆಗಳೊಳಗೆ ಮಾಡಿಸಿದ ಪಿಸಿಆರ್ ಪರೀಕ್ಷೆಯ ನೆಗೆಟಿವ್ ವರದಿ ಕಡ್ಡಾಯವಾಯಿತು. ಕೆನ್ಯಾ ವನ್ಯಜೀವಿ ಸೇವಾ ಸಂಸ್ಥೆ ತನ್ನ ಉದ್ಯಾನಗಳ ಪ್ರವೇಶ ಶುಲ್ಕವನ್ನು 2020ರ ಜುಲೈನಿಂದ ಒಂದು ವರ್ಷದ ಅವಧಿಗೆ ಗಣನೀಯವಾಗಿ ಇಳಿಸಿತು. ತಾಂಜಾನಿಯಾ ಇದಕ್ಕೂ ಮೊದಲು, ಮೇ 18ರಂದೇ ತನ್ನ ಬಾಗಿಲು ತೆರೆದಿತ್ತು. ಅಧ್ಯಕ್ಷ ಜಾನ್ ಮಗುಫುಲಿ ಅವರ ಸರ್ಕಾರವು ಏಪ್ರಿಲ್ ಕೊನೆಯ ನಂತರ ಸೋಂಕಿನ ಅಂಕಿಅಂಶಗಳನ್ನು ಪ್ರಕಟಿಸುವುದನ್ನೇ ನಿಲ್ಲಿಸಿತ್ತು. ಅಂಕಿ ಇಲ್ಲದ ದೇಶಕ್ಕೆ ಮಕ್ಕಳನ್ನು ಕರೆದೊಯ್ಯುವುದು ಹೇಗೆಂದು ಹಿಂಜರಿದ ಕುಟುಂಬಗಳೂ ಇದ್ದವು. ಪರೀಕ್ಷೆಯ ರಗಳೆಯಿಲ್ಲವೆಂದು ಅಲ್ಲಿಗೇ ಹೋದವರೂ ಇದ್ದರು. ಮಗುಫುಲಿ ಅವರು 2021ರ ಮಾರ್ಚ್ 17ರಂದು ನಿಧನರಾದರು. ಉತ್ತರಾಧಿಕಾರಿ ಸಾಮಿಯಾ ಸುಲುಹು ಹಸನ್ ಅವರು ಅದೇ ವರ್ಷ ಜುಲೈನಲ್ಲಿ ಬಹಿರಂಗವಾಗಿ ಲಸಿಕೆ ಪಡೆದು ಧೋರಣೆಯನ್ನು ಬದಲಿಸಿದರು.

ಎರಡೂ ದೇಶಗಳನ್ನು ಒಂದೇ ಯಾತ್ರೆಯಲ್ಲಿ ನೋಡಬೇಕೆಂದಿದ್ದವರಿಗೆ ಇನ್ನೊಂದು ತೊಡಕು ಎದುರಾಯಿತು. ಕ್ವಾರಂಟೈನ್ ಇಲ್ಲದೆ ಪ್ರವೇಶಿಸಬಹುದಾದ ದೇಶಗಳ ಪಟ್ಟಿಯಲ್ಲಿ ಕೆನ್ಯಾ ತನ್ನ ನೆರೆಯ ದೇಶವನ್ನು ಸೇರಿಸಲಿಲ್ಲ. ಪ್ರತಿಯಾಗಿ ತಾಂಜಾನಿಯಾ ಕೆನ್ಯಾ ಏರ್‌ವೇಸ್ ವಿಮಾನಗಳನ್ನು ನಿಷೇಧಿಸಿತು. ಆಗಸ್ಟ್ ಕೊನೆಗೆ ಇನ್ನೂ ಮೂರು ಕೆನ್ಯಾ ವಿಮಾನ ಕಂಪನಿಗಳ ಮೇಲೂ ನಿಷೇಧ ಬಿದ್ದಿತು. ಸೆಪ್ಟೆಂಬರ್ ಮಧ್ಯದಲ್ಲಿ ಜಗಳ ತೀರಿತು. ಅಷ್ಟರಲ್ಲಿ ವಲಸೆಯ ಋತುವಿನ ಅರ್ಧ ಕಳೆದಿತ್ತು. ಪ್ರಾಣಿಗಳು ಮಾತ್ರ ಯಾವ ಪರವಾನಗಿಯೂ ಇಲ್ಲದೆ ಅತ್ತಿತ್ತ ದಾಟುತ್ತಲೇ ಇದ್ದವು.

ಈ ದಿನಗಳಲ್ಲಿ ಒಂಟಿ ಪ್ರಯಾಣಿಕನಿಗೂ ಕುಟುಂಬಕ್ಕೂ ಇದ್ದ ವ್ಯತ್ಯಾಸವನ್ನು ಲೆಕ್ಕದಲ್ಲಿ ನೋಡುವುದು ಒಳ್ಳೆಯದು. ಭಾರತದಿಂದ ಹೊರಡುವ ತಂದೆ, ತಾಯಿ ಮತ್ತು ಐದು ವರ್ಷ ದಾಟಿದ ಇಬ್ಬರು ಮಕ್ಕಳಿರುವ ಒಂದು ಕುಟುಂಬವನ್ನು ಭಾವಿಸಿಕೊಂಡರೆ, ಹೊರಡುವ ಮೊದಲು ನಾಲ್ಕು ಪರೀಕ್ಷೆ, ನೈರೋಬಿಯಿಂದ ಮರಳುವ ಮೊದಲು ನಾಲ್ಕು, ಭಾರತದಲ್ಲಿ ಇಳಿದ ಮೇಲೆ ಪರೀಕ್ಷೆ ಕಡ್ಡಾಯವಾಗಿದ್ದ ಅವಧಿಗಳಲ್ಲಿ ಮತ್ತೆ ನಾಲ್ಕು, ಒಟ್ಟು ಹನ್ನೆರಡು. ಒಬ್ಬರಿಗೆ ಪಾಸಿಟಿವ್ ಬರುವ ಸಂಭವ ನೂರಕ್ಕೆ 2 ಎಂದಿಟ್ಟುಕೊಂಡರೆ, ನಾಲ್ವರಲ್ಲಿ ಯಾರಾದರೂ ಒಬ್ಬರಿಗೆ ಬರುವ ಸಂಭವ ನೂರಕ್ಕೆ ಸುಮಾರು 8 ಆಗುತ್ತದೆ. ಒಂದೇ ಮನೆಯವರಾದುದರಿಂದ ಒಬ್ಬರಿಗೆ ಬಂದರೆ ಉಳಿದವರೂ ಸಂಪರ್ಕಿತರು, ನಾಲ್ವರೂ ನಿಲ್ಲಬೇಕು. ಹೊರಡುವ ಮೊದಲು ಬಂದರೆ ಯಾತ್ರೆಯ ಹಣ ಹೋಗುತ್ತದೆ. ಮರಳುವ ಮೊದಲು ಬಂದರೆ ಪರದೇಶದಲ್ಲಿ ವಾರವೋ ಹತ್ತು ದಿನವೋ ನಾಲ್ವರ ವಸತಿ, ಊಟ, ಹೊಸ ಟಿಕೆಟ್. ಸಾಮಾನ್ಯ ಪ್ರಯಾಣ ವಿಮೆಯ ಹಲವು ಪಾಲಿಸಿಗಳು ಆರಂಭದಲ್ಲಿ ಮಹಾಮಾರಿಯ ನಷ್ಟವನ್ನು ಹೊರಗಿಟ್ಟಿದ್ದವು. ಪಾಲಿಸಿಯ ಸಣ್ಣಕ್ಷರಗಳನ್ನು ಜನ ಓದಲು ಕಲಿತದ್ದು ಆಗಲೇ.

ಭಾರತದಲ್ಲಿ ನಿಗದಿತ ಅಂತರರಾಷ್ಟ್ರೀಯ ವಿಮಾನ ಸಂಚಾರವು 2020ರ ಮಾರ್ಚ್ 23ರಿಂದ 2022ರ ಮಾರ್ಚ್ 26ರವರೆಗೆ ಸ್ಥಗಿತಗೊಂಡಿತ್ತು. ಕೆನ್ಯಾ, ತಾಂಜಾನಿಯಾ ಮೊದಲಾದ ದೇಶಗಳೊಡನೆ ‘ಏರ್ ಬಬಲ್’ ಎಂಬ ದ್ವಿಪಕ್ಷೀಯ ಒಪ್ಪಂದದಡಿ ಕೆಲವು ವಿಮಾನಗಳು ಮಾತ್ರ ಹಾರುತ್ತಿದ್ದವು. ಕಾಗದಪತ್ರಗಳ ಕಟ್ಟು ದಪ್ಪವಾಗಿತ್ತು: ಇ-ವೀಸಾ, ಪಿಸಿಆರ್ ವರದಿ, ಮರಳುವಾಗ ಏರ್ ಸುವಿಧಾ ಜಾಲತಾಣದಲ್ಲಿ ಸ್ವಯಂ ಘೋಷಣೆ, ಇವೆಲ್ಲದರ ಜೊತೆಗೆ ಹಳೆಯ ಕಾಲದ ಹಳದಿ ಜ್ವರದ ಲಸಿಕೆಯ ಪುಸ್ತಿಕೆ. ಈ ಕೊನೆಯದು ಕೋವಿಡ್‌ನ ಗದ್ದಲದಲ್ಲಿ ಮರೆತುಹೋಗುವಂಥದು. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಲಸಿಕೆ ಪಡೆಯದೆ ಕೆನ್ಯಾದಿಂದ ಭಾರತಕ್ಕೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮ ಕೋವಿಡ್‌ಗಿಂತ ಬಹು ಹಿಂದಿನದು, ಇಂದಿಗೂ ಇದೆ.

ಕೋವಿಡ್ ಲಸಿಕೆಯ ಲೆಕ್ಕವೂ ಸುಲಭವಾಗಿರಲಿಲ್ಲ. ಕೋವಿಶೀಲ್ಡ್‌ನ ಎರಡು ಡೋಸುಗಳ ನಡುವೆ 84 ದಿನಗಳ ಅಂತರ ವಿಧಿಸಿದ್ದ ಕಾಲದಲ್ಲಿ, ಓದಿಗೆ ಹಾಗೂ ಉದ್ಯೋಗಕ್ಕೆ ವಿದೇಶಕ್ಕೆ ಹೋಗುವವರಿಗೆ ವಿನಾಯಿತಿ ಇತ್ತು. ವಿಹಾರಕ್ಕೆ ಹೋಗುವವರಿಗೆ ಇರಲಿಲ್ಲ. 15ರಿಂದ 18 ವರ್ಷದವರಿಗೆ ಲಸಿಕೆ ಬಂದದ್ದು 2022ರ ಜನವರಿ 3ರಿಂದ, 12ರಿಂದ 14 ವರ್ಷದವರಿಗೆ ಮಾರ್ಚ್ 16ರಿಂದ. ಅಂದರೆ 2021ರಲ್ಲಿ ಹೊರಟ ಪ್ರತಿ ಭಾರತೀಯ ಕುಟುಂಬದಲ್ಲಿಯೂ ಮಕ್ಕಳು ಲಸಿಕೆಯಿಲ್ಲದವರೇ.

ಹೋದವರಿಗೆ ದೊರೆತದ್ದೇನು? ಊಟ ಬಯಲಿನಲ್ಲಿ, ನಿದ್ರೆ ಗಾಳಿಯಾಡುವ ಡೇರೆಯಲ್ಲಿ, ತಿರುಗಾಟ ತೆರೆದ ವಾಹನದಲ್ಲಿ. ಮಹಾನಗರದ ಹೋಟೆಲಿಗಿಂತ ಇದು ಹೆಚ್ಚು ಸುರಕ್ಷಿತವೆಂಬ ಮಾತಿನಲ್ಲಿ ಹುರುಳಿತ್ತು. ಅಪರಿಚಿತರೊಡನೆ ವಾಹನ ಹಂಚಿಕೊಳ್ಳುವ ಬದಲು ಒಂದು ಕುಟುಂಬಕ್ಕೆ ಒಂದು ವಾಹನ, ಅನುಕೂಲವುಳ್ಳವರಿಗೆ ಇಡೀ ಶಿಬಿರವೇ ಮೀಸಲು ಎಂಬ ಕ್ರಮ ಬೆಳೆಯಿತು. ಒಂದು ಸಿಂಹದ ಸುತ್ತ ಇಪ್ಪತ್ತು ಜೀಪುಗಳು ನೆರೆಯುತ್ತಿದ್ದ ಕಡೆ ಒಂದೇ ಜೀಪು. ಮಾರ್ಗದರ್ಶಿಗೆ ಆತುರವಿಲ್ಲ, ಮಕ್ಕಳ ಪ್ರಶ್ನೆಗಳಿಗೆ ಉತ್ತರಿಸಲು ಬೇಕಾದಷ್ಟು ಸಮಯ. ಮರಳುವ ಮೊದಲಿನ ಪರೀಕ್ಷೆಗೆ ನೈರೋಬಿಯಲ್ಲಿ ಎರಡು ದಿನ ಕಳೆಯಬೇಕಾಗುತ್ತಿದ್ದುದನ್ನು ತಪ್ಪಿಸಲು, ಶಿಬಿರದಲ್ಲಿಯೇ ಮಾದರಿ ಸಂಗ್ರಹಿಸಿ ರಾಜಧಾನಿಯ ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆಯನ್ನು ಕೆಲವರು ಮಾಡಿದರು. ರಾತ್ರಿ ಕರ್ಫ್ಯೂ ವೇಳೆಯಲ್ಲಿ ಬಂದಿಳಿದವರಿಗೆ ವಿಮಾನದ ಬೋರ್ಡಿಂಗ್ ಪಾಸೇ ಪರವಾನಗಿ.

ಎಚ್ಚರಿಕೆಯ ಅಂಶವೊಂದನ್ನು ಮರೆಯುವಂತಿಲ್ಲ. ಮಾರಾ ಮಲೇರಿಯಾ ಇರುವ ಪ್ರದೇಶ. ಜ್ವರ, ಮೈಕೈ ನೋವು ಎರಡೂ ಕಾಯಿಲೆಗಳ ಲಕ್ಷಣ. ಮಗುವಿಗೆ ಜ್ವರ ಬಂದೊಡನೆ ಕೋವಿಡ್ ಎಂದು ಹೆದರಿ ಕೋಣೆ ಸೇರಿದರೆ ಮಲೇರಿಯಾದ ಚಿಕಿತ್ಸೆ ತಡವಾದೀತು. ಪರೀಕ್ಷೆ ಎರಡಕ್ಕೂ ಆಗಬೇಕು. ದೊಡ್ಡ ಆಸ್ಪತ್ರೆಗಳಿರುವುದು ನೈರೋಬಿಯಲ್ಲಿ. 1957ರಲ್ಲಿ ಆರಂಭವಾದ ಅಮ್ರೆಫ್ ಸಂಸ್ಥೆಯ ‘ಫ್ಲೈಯಿಂಗ್ ಡಾಕ್ಟರ್ಸ್’ ಸೇವೆ ವಿಲ್ಸನ್ ನಿಲ್ದಾಣದಿಂದ ವಿಮಾನ ಕಳುಹಿಸಿ ರೋಗಿಯನ್ನು ಕರೆತರುತ್ತದೆ. ಪ್ರವಾಸಿಗರಿಗಾಗಿ ಅಲ್ಪಾವಧಿಯ ಸದಸ್ಯತ್ವವೂ ಉಂಟು. ಮಕ್ಕಳೊಡನೆ ಹೋಗುವವರು ಡೇರೆಯ ಅಲಂಕಾರಕ್ಕಿಂತ ಮೊದಲು ವಿಚಾರಿಸಬೇಕಾದದ್ದು ಇದನ್ನು.

4,365 ಪೌಂಡುಗಳ ಮನೆವಾಪಸಿ

2021ರ ವರ್ಷ ಆಸೆ ತೋರಿಸಿ ಕೈಕೊಟ್ಟಿತು. ಮಾರ್ಚ್ 26ರಂದು ಅಧ್ಯಕ್ಷ ಉಹುರು ಕೆನ್ಯಾಟ್ಟಾ ಅವರು ನೈರೋಬಿ ಸೇರಿದಂತೆ ಐದು ಕೌಂಟಿಗಳಿಗೆ ಹೋಗಿ ಬರುವುದನ್ನು ನಿರ್ಬಂಧಿಸಿದರು. ಏಪ್ರಿಲ್ 4ರಂದು ಈಸ್ಟರ್. ವಿದೇಶೀಯರಿಲ್ಲದ ಕಾಲದಲ್ಲಿ ದರ ಇಳಿಸಿ, ನೈರೋಬಿಯ ಮಧ್ಯಮ ವರ್ಗದ ಕುಟುಂಬಗಳನ್ನು ಕರೆತಂದು ಉಸಿರಾಡುತ್ತಿದ್ದ ಶಿಬಿರಗಳಿಗೆ ಆ ರಜೆಯ ಬುಕಿಂಗ್ ಒಂದೇ ಸಂಜೆಯಲ್ಲಿ ಕೈತಪ್ಪಿತು. ಡೆಲ್ಟಾ ಅಲೆಯ ಕಾರಣ ಮೇ 1ರಿಂದ ಭಾರತದ ಪ್ರಯಾಣಿಕ ವಿಮಾನಗಳನ್ನು ಕೆನ್ಯಾ ತಡೆಹಿಡಿಯಿತು. 2019ರಲ್ಲಿ ಭಾರತದಿಂದ ಕೆನ್ಯಾಕ್ಕೆ ಹೋದವರು ಒಂದು ಲಕ್ಷಕ್ಕೂ ಹೆಚ್ಚು ಮಂದಿ. ಆ ಪ್ರಮುಖ ಮಾರುಕಟ್ಟೆಯೂ ಮುಚ್ಚಿದಂತಾಯಿತು.

ದೊಡ್ಡ ಹೊಡೆತ ಬಿದ್ದದ್ದು ಬ್ರಿಟನ್ನಿನಿಂದ. ಏಪ್ರಿಲ್ 9ರಂದು ಆ ದೇಶ ಕೆನ್ಯಾವನ್ನು ತನ್ನ ಕೆಂಪು ಪಟ್ಟಿಗೆ ಸೇರಿಸಿತು. ಕೆಂಪು ಪಟ್ಟಿಯ ದೇಶದಿಂದ ಮರಳಿದವರು ಸರ್ಕಾರ ಗೊತ್ತುಪಡಿಸಿದ ಹೋಟೆಲಿನಲ್ಲಿ ಹತ್ತು ದಿನ ಸ್ವಂತ ಖರ್ಚಿನಲ್ಲಿ ಇರಬೇಕು. ಆಗಸ್ಟ್ 12ರಿಂದ ಇದರ ದರ ಮೊದಲ ವಯಸ್ಕರಿಗೆ 2,285 ಪೌಂಡ್, ಎರಡನೆಯವರಿಗೆ 1,430, ಚಿಕ್ಕ ಮಕ್ಕಳಿಗೆ ತಲಾ 325. ತಂದೆ, ತಾಯಿ, ಆರು ಹಾಗೂ ಒಂಬತ್ತು ವರ್ಷದ ಇಬ್ಬರು ಮಕ್ಕಳೆಂದರೆ 4,365 ಪೌಂಡ್. ವಿಮಾನ ನಿಲ್ದಾಣದ ಬಳಿಯ ಕೋಣೆಯೊಂದರಲ್ಲಿ ಇಬ್ಬರು ಮಕ್ಕಳನ್ನು ಹತ್ತು ದಿನ ಕೂಡಿಹಾಕಿಕೊಂಡಿರಲು ತೆರಬೇಕಾದ ಬೆಲೆ ಇದು! ಮಾರಾದಲ್ಲಿ ಶುಲ್ಕ ಎಷ್ಟೇ ಇಳಿಸಿದರೂ ಈ ಮೊತ್ತದ ಮುಂದೆ ಅದು ಲೆಕ್ಕಕ್ಕೆ ಬಾರದು. ಕೆನ್ಯಾ ಆ ಪಟ್ಟಿಯಿಂದ ಹೊರಬಂದದ್ದು ಸೆಪ್ಟೆಂಬರ್ 22ರಂದು. ಬ್ರಿಟನ್ನಿನ ಶಾಲೆಗಳು ಆಗಲೇ ಆರಂಭವಾಗಿದ್ದವು. ಆ ವರ್ಷದ ವಲಸೆಯ ಋತುವೂ ಕುಟುಂಬಗಳ ಮಟ್ಟಿಗೆ ಕಳೆದುಹೋಗಿತ್ತು. ಸರಕಿನ ಬೆಲೆಯನ್ನು ಗ್ರಾಹಕನ ದೇಶದ ಸರ್ಕಾರ ರಾತ್ರೋರಾತ್ರಿ ಎರಡು ಪಟ್ಟು ಮಾಡಬಲ್ಲದೆಂಬುದನ್ನು ರಫ್ತುದಾರರು ಆಮದು ಸುಂಕದ ರೂಪದಲ್ಲಿ ಬಲ್ಲರು. ಪ್ರವಾಸೋದ್ಯಮಕ್ಕೆ ಅದು ಹೊಸ ಅನುಭವ.

ದಕ್ಷಿಣ ಆಫ್ರಿಕಾದ ಕಥೆ ಇನ್ನೂ ಕಟುವಾದದ್ದು. ಅಲ್ಲಿಯ ವಿಜ್ಞಾನಿಗಳು ಹೊಸ ರೂಪಾಂತರಿಯನ್ನು ಗುರುತಿಸಿ 2021ರ ನವೆಂಬರ್ 24ರಂದು ವಿಶ್ವ ಆರೋಗ್ಯ ಸಂಸ್ಥೆಗೆ ಪ್ರಾಮಾಣಿಕವಾಗಿ ವರದಿ ಮಾಡಿದರು. ಎರಡು ದಿನಗಳಲ್ಲಿ ಅದಕ್ಕೆ ಒಮೈಕ್ರಾನ್ ಎಂದು ಹೆಸರಾಯಿತು. ಅಷ್ಟರೊಳಗೆ ದಕ್ಷಿಣ ಆಫ್ರಿಕಾ, ಬೋಟ್ಸ್ವಾನಾ, ನಮೀಬಿಯಾ, ಜಿಂಬಾಬ್ವೆ ದೇಶಗಳಿಗೆ ವಿಮಾನಗಳು ನಿಲ್ಲತೊಡಗಿದ್ದವು. ನವೆಂಬರ್ 26ರಂದು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿದ ಎರಡು ವಿಮಾನಗಳ 600ಕ್ಕೂ ಹೆಚ್ಚು ಪ್ರಯಾಣಿಕರಲ್ಲಿ 61 ಮಂದಿಗೆ ಸೋಂಕು ಕಂಡಿತು. ಕ್ರೂಗರ್ ಉದ್ಯಾನದ ಸುತ್ತಲಿನ ವಸತಿಗೃಹಗಳಿಗೆ ಡಿಸೆಂಬರ್ ರಜೆಯ ಬುಕಿಂಗ್‌ಗಳು ಕಣ್ಣೆದುರೇ ಕರಗಿದವು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಒಮೈಕ್ರಾನ್ ಪ್ರಕರಣಗಳು ಬೆಂಗಳೂರಿನಿಂದಲೇ ವರದಿಯಾದವು. ಒಬ್ಬರು ದಕ್ಷಿಣ ಆಫ್ರಿಕಾದಿಂದ ಬಂದವರು. ಇನ್ನೊಬ್ಬರು ಇಲ್ಲಿಯವರೇ ಆದ ವೈದ್ಯರು. ಡಿಸೆಂಬರ್ 15ರಂದು ಬ್ರಿಟನ್ನು, ವರ್ಷದ ಕೊನೆಯ ದಿನ ಅಮೆರಿಕವು ತಮ್ಮ ನಿಷೇಧಗಳನ್ನು ತೆರವುಗೊಳಿಸಿದವು; ರೋಗ ಆ ವೇಳೆಗೆ ಆ ದೇಶಗಳಲ್ಲಿಯೇ ಹರಡಿತ್ತು. ಮೊದಲು ಬಾಯಿಬಿಟ್ಟವನಿಗೆ ಮೊದಲು ದಂಡ ಎಂಬ ದೂರು ಆಫ್ರಿಕಾದ ವ್ಯಾಪಾರಿಗಳಲ್ಲಿ ಉಳಿದುಕೊಂಡಿದ್ದರೆ ಅದು ಸಹಜ.

ಇಲ್ಲಿಯ ಕಾನೂನು, ಇಲ್ಲಿಯ ತೆರಿಗೆ

ಭಾರತದಲ್ಲಿ ವಿಮಾನ ಟಿಕೆಟಿನ ಹಣದ ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2020ರ ಅಕ್ಟೋಬರ್ 1ರ ತೀರ್ಪಿನಲ್ಲಿ ಲಾಕ್‌ಡೌನ್ ಅವಧಿಯ ಟಿಕೆಟುಗಳ ಹಣ ಹಿಂದಿರುಗಿಸಬೇಕೆಂದು ಆದೇಶವಾಯಿತು. ಹಣಕಾಸಿನ ತೊಂದರೆಯಿರುವ ಕಂಪನಿಗಳು 2021ರ ಮಾರ್ಚ್ 31ರವರೆಗೆ ಬಳಸಬಹುದಾದ ‘ಕ್ರೆಡಿಟ್ ಷೆಲ್’ ಕೊಡಬಹುದಾಗಿತ್ತು. ಆದರೆ ಬಳಸದ ಮೊತ್ತಕ್ಕೆ 2020ರ ಜೂನ್ 30ರವರೆಗೆ ತಿಂಗಳಿಗೆ ಶೇ. 0.5, ನಂತರ ಶೇ. 0.75ರಂತೆ ಸೇರಿಸಿಕೊಡಬೇಕಾಗಿತ್ತು. ಗ್ರಾಹಕನ ಹಣ ಹಿಡಿದಿಟ್ಟುಕೊಂಡರೆ ಅದಕ್ಕೆ ಬೆಲೆಯಿದೆ ಎಂಬ ಈ ತತ್ವ ಅತ್ಯಂತ ನ್ಯಾಯಯುತವಾದುದು. ಡೇರೆಯ ಬಾಡಿಗೆಗೆ, ಪ್ಯಾಕೇಜಿನ ಉಳಿದ ಭಾಗಗಳಿಗೆ ಇಂಥ ರಕ್ಷಣೆ ದೊರೆಯಲಿಲ್ಲ. ಅಲ್ಲಿ ಕರಾರು ಪತ್ರದ ಮಾತೇ ಅಂತಿಮ.

ಅದೇ ಅಕ್ಟೋಬರ್ 1ರಿಂದ ವಿದೇಶ ಪ್ರವಾಸದ ಪ್ಯಾಕೇಜುಗಳ ಮೇಲೆ ಶೇ. 5ರ ಮೂಲದಲ್ಲಿ ತೆರಿಗೆ ಸಂಗ್ರಹವೂ ಜಾರಿಗೆ ಬಂದಿತು. ಉದ್ಯಮ ನೆಲಕಚ್ಚಿದ ವರ್ಷವೇ ಇದನ್ನು ಆರಂಭಿಸಬೇಕಾಗಿತ್ತೇ ಎಂದು ಪ್ರವಾಸ ಏಜೆಂಟರು ಕೇಳಿದ್ದರಲ್ಲಿ ತಪ್ಪೇನಿಲ್ಲ. ದರ ಮತ್ತು ಮಿತಿಗಳು ಅಲ್ಲಿಂದೀಚೆಗೆ ಬದಲಾಗುತ್ತ ಬಂದಿವೆ. 2021ರ ಜೂನ್ 28ರಂದು ಕೇಂದ್ರ ಹಣಕಾಸು ಸಚಿವರು ಪ್ರವಾಸ ಸಂಸ್ಥೆಗಳಿಗೆ 10 ಲಕ್ಷ ರೂಪಾಯಿ, ಪರವಾನಗಿ ಪಡೆದ ಮಾರ್ಗದರ್ಶಿಗಳಿಗೆ 1 ಲಕ್ಷ ರೂಪಾಯಿವರೆಗಿನ ಖಾತರಿ ಸಾಲವನ್ನು ಘೋಷಿಸಿದರು. ಹದಿನೈದು ತಿಂಗಳು ತಡವಾದರೂ ಮಾರ್ಗದರ್ಶಿಯನ್ನು ಸಾಲಕ್ಕೆ ಅರ್ಹನಾದ ಉದ್ಯಮಿಯೆಂದು ಗಣಿಸಿದ್ದು ಗಮನಾರ್ಹ.

ಮತ್ತೆ ನದಿಯ ದಂಡೆಗೆ

2022ರ ಮಾರ್ಚ್‌ನಲ್ಲಿ ಕೆನ್ಯಾ ಪೂರ್ಣ ಲಸಿಕೆ ಪಡೆದವರಿಗೆ ಪಿಸಿಆರ್ ಪರೀಕ್ಷೆಯನ್ನು ಕೈಬಿಟ್ಟಿತು. ಅದೇ ತಿಂಗಳ 27ರಿಂದ ಭಾರತದ ವಿಮಾನಗಳು ಯಥಾಸ್ಥಿತಿಗೆ ಮರಳಿದವು. 2023ರ ಆಗಸ್ಟ್‌ನಲ್ಲಿ ಇಂಡಿಗೊ ಸಂಸ್ಥೆ ಮುಂಬಯಿ ಮತ್ತು ನೈರೋಬಿ ನಡುವೆ ಹಾರಾಟ ಆರಂಭಿಸಿತು. 2024ರ ಜನವರಿಯಿಂದ ಕೆನ್ಯಾ ವೀಸಾವನ್ನೇ ರದ್ದುಪಡಿಸಿ ಇ-ಪ್ರಯಾಣ ಅನುಮತಿ ಪದ್ಧತಿ ತಂದಿತು. ಅದೇ ವರ್ಷ ಮಾರಾ ಮೀಸಲು ಪ್ರದೇಶದ ಶುಲ್ಕ ವಿದೇಶೀ ವಯಸ್ಕರಿಗೆ ವರ್ಷದ ಮೊದಲರ್ಧದಲ್ಲಿ ದಿನಕ್ಕೆ 100 ಡಾಲರ್, ವಲಸೆಯ ಕಾಲವೂ ಸೇರಿದ ದ್ವಿತೀಯಾರ್ಧದಲ್ಲಿ 200 ಡಾಲರ್ ಆಯಿತು. ಹಳೆಯ ದರ 80 ಡಾಲರಿನ ಆಸುಪಾಸಿನಲ್ಲಿತ್ತು. ದರ ಏರಿದರೂ ದೇಶಕ್ಕೆ ಬರುವವರು ಕಡಿಮೆಯಾಗಲಿಲ್ಲ. 2024ರಲ್ಲಿ ಕೆನ್ಯಾಕ್ಕೆ ಬಂದ ವಿದೇಶೀಯರ ಸಂಖ್ಯೆ 2019ರದನ್ನು ಮೀರಿತು. ನದಿಯ ದಂಡೆಯಲ್ಲಿ ಮತ್ತೆ ಜೀಪುಗಳ ಸಾಲು.

2020ಕ್ಕೆಂದು ಮುಂಗಡ ಕೊಟ್ಟು ತಾಳ್ಮೆಯಿಂದ ಕಾದ ಕುಟುಂಬಗಳು 2022ರ ವೇಳೆಗೆ ಬರತೊಡಗಿದಾಗ ಶಿಬಿರಗಳ ಮುಂದೆ ಸಣ್ಣದೊಂದು ಪ್ರಶ್ನೆ ಬಂದು ನಿಂತಿತು. ಶಿಬಿರಗಳಲ್ಲಿ ಮಕ್ಕಳ ದರ ಸಾಮಾನ್ಯವಾಗಿ ಒಂದು ವಯಸ್ಸಿನವರೆಗೆ ಮಾತ್ರ. ಮುಂಗಡ ಕೊಡುವಾಗ ಹತ್ತು ವರ್ಷದವಳಾಗಿದ್ದ ಹುಡುಗಿ ವಿಮಾನವಿಳಿಯುವಾಗ ಹನ್ನೆರಡು ದಾಟಿರುತ್ತಾಳೆ. ಹಳೆಯ ದರವನ್ನೇ ಹಿಡಿಯುತ್ತೇವೆ ಎಂದು ಬರೆದುಕೊಟ್ಟ ಪತ್ರ ದರಕ್ಕೆ ಮಾತ್ರ ಅನ್ವಯಿಸುತ್ತದೆಯೋ, ಅಥವಾ ಆ ಹುಡುಗಿಯ ಹಳೆಯ ವಯಸ್ಸಿಗೂ ಅನ್ವಯಿಸುತ್ತದೆಯೋ?